ದಿನಕ್ಕೆ ಒಂದೇ ಸಲ ಟಪ್ ಅನ್ನೋ ಸ್ವಿಚ್ಚು

ಗಣೇಶನ್ನ ಕೂರ್ಸೋ ಸೀಸನ್ನಲ್ಲಿ ನಮ್ ಆರ್ಕೆಸ್ಟ್ರಾಗೆ ಏಳೆಂಟು ಪ್ರೋಗ್ರಾಂ ಒಟ್ಟಿಗೇ ಬರ್ತವೆ, ಅದ್ರಲ್ಲಿ ಅರ್ಧಕ್ಕೆ ಬೇಸ್ ಗಿಟಾರಿಸ್ಟ್ ಇರಲ್ಲ. ಕಮಿಟಿಯವ್ರು ಕೊಡೋ ದುಡ್ಡಲ್ಲಿ ಇನ್ನೊಬ್ರಿಗೆ ಪೇಮೆಂಟ್ ಹೊಂದ್ಸಕ್ಕಾಗಲ್ಲ ಅಂತ ಕೀಬೋರ್ಡ್‌ನವ್ರೇ ಎಡಗೈಲಿ ಬೇಸ್ ಒತ್ಕೊಂಡು ಹೋಗ್ತಾರೆ. ಆವಾಗೆಲ್ಲ ನನ್ ಗಿಟಾರ್ ಸೌಂಡು ಡಬ್ಬಿ ಒಳಗೆ ಸಿಕ್ಕಾಕ್ಕೊಂಡಿರೋ ಜೇನ್ನೊಣದ ಥರ ಕೇಳ್ಸತ್ತೆ. ಬೇಸ್‌ನವ್ನು ಬಂದಿದ್ ದಿನ ಅದೇ ಗಿಟಾರು, ಅದೇ ಪೆಡಲ್ಲು (ಗಿಟಾರಿಗೂ ಆ್ಯಂಪಿಗೂ ಮಧ್ಯ ಇಟ್ಟು ಕಾಲಲ್ಲಿ ಒತ್ತೋ, ಸೌಂಡ್ ಒಡೆದು ಡಿಸ್ಟಾರ್ಷನ್ ಕೊಡೋ ಡಬ್ಬ), ಅದೇ ಸೆಟ್ಟಿಂಗು, ಎಲ್ಲಾ ಸರಿಯಾಗಿ ಕೂತ್ಕೊಳತ್ತೆ. ಎರಡ್ ವರ್ಷ ಇದನ್ನ ಆ್ಯಂಪಿನ ತಪ್ಪು, ಸೌಂಡ್ ಸಿಸ್ಟಮ್‌ನವ್ರ ತಪ್ಪು ಅನ್ಕೊಂಡೇ ಕಾಲ ಹಾಕ್ದೆ, ಆಮೇಲೆ ಗೊತ್ತಾಗಿದ್ದು ಇದೆಲ್ಲಾ ಪೆಡಲ್ ಒಳಗಿರೋ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಕೆಪಾಸಿಟರ್ (ಚಾರ್ಜ್ ತುಂಬಿಟ್ಕೊಳೋ ಪಾರ್ಟು) ಆಟ ಅಂತ.

ಪೆಡಲ್ಲು ನಾನೇ ಜೀರೋ ಪಿಸಿಬಿ (ಬರೀ ತೂತುಗಳಿರೋ ಖಾಲಿ ಬೋರ್ಡು) ಮೇಲೆ ಕಟ್ಕೊಂಡಿದ್ದು, ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟು. ಗಿಟಾರ್ ನುಡಿಸೋರಿಗೆ ಆ ಹಸಿರು ಡಬ್ಬದ ಪರಿಚಯ ಹೇಳ್ಬೇಕಾಗಿಲ್ಲ, ಉಳಿದವ್ರಿಗೆ ಒಂದ್ಮಾತು: 70ರ ದಶಕದ ಕೊನೇಲಿ ಜಪಾನಿನ ಮ್ಯಾಕ್ಸಾನ್‌ನ ಸುಸುಮು ತಮುರಾ ಅನ್ನೋ ಎಂಜಿನಿಯರ್ ಮಾಡಿದ್ದು, ಐಬನೇಜ್ ಹೆಸರಲ್ಲಿ ಟಿಎಸ್808 ಅಂತ ಮಾರಾಟ ಆಯ್ತು, 1982ರಲ್ಲಿ ಟಿಎಸ್9 ಬಂತು, ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಕಾಲ ಕೆಳಗೆ ಸೇರ್ಕೊಂಡ್ ಮೇಲಂತೂ ಭಾರೀ ಹೆಸರಾಯ್ತು. ಒಳಗಿರೋ ಐಸಿ 4558. ವಿದೇಶದಲ್ಲಿ ಜನ ಹಳೇ 4558ಗಾಗಿ ದೇವ್ರಿಗೆ ಹರಕೆ ಹೊತ್ತಂಗೆ ಹುಡುಕ್ತಾರೆ, ನಮ್ ಬೆಂಗ್ಳೂರಿನ ಎಲೆಕ್ಟ್ರಾನಿಕ್ಸ್ ಬಜಾರು ಎಸ್‌ಪಿ ರೋಡಲ್ಲಿ ಅದು ಹೋಮ್ ಥಿಯೇಟರ್ ಬೇಸ್-ಟ್ರೆಬಲ್ ಬೋರ್ಡಿಗೆ ಹಾಕೋ ಮಾಮೂಲಿ ಮಾಲು, ಬಾಯ್ಬಿಡೋದ್ರೊಳಗೆ ಡಬ್ಬಿಯಿಂದ ತೆಗ್ದು ಇಡ್ತಾರೆ.

ಈಗ ಆ ಕೆಪಾಸಿಟರ್ ವಿಷಯ. ಸೌಂಡ್ ಒಡೆಯೋ ಭಾಗದಲ್ಲಿ ಐಸಿಯ ಮೈನಸ್ ಇನ್‌ಪುಟ್‌ನಿಂದ ಗ್ರೌಂಡಿಗೆ ಒಂದು 4.7ಕೆ ರೆಸಿಸ್ಟರು, ಅದರ ಬಾಲಕ್ಕೆ ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರು ಇದೆ. ಇವೆರಡೂ ಸೇರಿ ಯಾವ ಸ್ವರಕ್ಕೆ ಎಷ್ಟು ಗೇನ್, ಅಂದ್ರೆ ಎಷ್ಟು ಪಟ್ಟು ದೊಡ್ಡದಾಗೋದು, ಸಿಗ್ಬೇಕು ಅಂತ ತೀರ್ಮಾನ ಮಾಡ್ತವೆ. ಒಂದನ್ನ ಎರಡು ಪೈ ಆರ್ ಸಿ (ಆರ್ ರೆಸಿಸ್ಟರು, ಸಿ ಕೆಪಾಸಿಟರು) ಇಂದ ಭಾಗ್ಸಿದ್ರೆ 720 ಹರ್ಟ್ಸ್ ಬರತ್ತೆ. ಅದಕ್ಕಿಂತ ಮೇಲಿನದಕ್ಕೆ ಪೂರ್ತಿ ಗೇನು, ಡ್ರೈವ್ ನಾಬ್ (ಡಿಸ್ಟಾರ್ಷನ್ ಜಾಸ್ತಿ ಕಮ್ಮಿ ಮಾಡೋದು) ಫುಲ್ ತಿರುಗ್ಸಿದ್ರೆ ಲೆಕ್ಕದ ಪ್ರಕಾರ ಸುಮಾರು 118 ಪಟ್ಟು. ಕೆಳಗೆ ಇಳೀತಾ ಇಳೀತಾ ಗೇನ್ ಕಮ್ಮಿ ಆಗ್ತಾ ಹೋಗತ್ತೆ. ಗಿಟಾರಿನ ದಪ್ಪ ತಂತಿ, ಆರನೇ ತಂತಿ, ಬಿಟ್ಟು ಮೀಟಿದ್ರೆ 82 ಹರ್ಟ್ಸ್, ಅದಕ್ಕೆ ಸಿಗೋದು 13 ಪಟ್ಟು ಅಷ್ಟೆ. ತುಂಬ ಜನ ಟ್ಯೂಬ್ ಸ್ಕ್ರೀಮರ್ ಬೇಸ್ ಕಟ್ ಮಾಡತ್ತೆ ಅಂತಾರೆ, ಕಟ್ ಅಲ್ಲ ಅದು, ಎಲ್ರಿಗೂ ಎರಡೆರಡು ಹೋಳಿಗೆ ಬಡಿಸಿ ಕೊನೇ ಪಂಕ್ತೀಲಿ ಕೂತವನಿಗೆ ಕಾಲು ಚೂರು ಹಾಕಿದಂಗೆ. ಸಿಗತ್ತೆ, ಆದ್ರೆ ಹೊಟ್ಟೆ ತುಂಬಲ್ಲ.

ಇದನ್ನ ಹಂಗೆ ಮಾಡಿರೋದಕ್ಕೆ ಕಾರಣ ಇದೆ. ಬೇಸ್ ಗಿಟಾರು, ಡ್ರಮ್ಸು ಕೆಳಗಿನ ಜಾಗ ತುಂಬ್ಕೊಂಡಿರುವಾಗ ಗಿಟಾರೂ ಅಲ್ಲೇ ಹೋಗಿ ಡಿಸ್ಟಾರ್ಷನ್ ಸುರಿದ್ರೆ ಎಲ್ಲಾ ಕಲಸುಮೇಲೋಗರ ಆಗತ್ತೆ, ಅದಕ್ಕೇ ತಮುರಾ ಅದನ್ನ ಮಧ್ಯಕ್ಕೆ ಎತ್ತಿ ಕೂರ್ಸಿದ್ದಾರೆ. ಅಂದ್ರೆ ಪೂರ್ತಿ ಬ್ಯಾಂಡ್ ಇದ್ದಾಗ 0.047 ಸರಿ. ಬೇಸ್ ಇಲ್ದಾಗ, ಮನೇಲಿ ಒಬ್ನೇ ನುಡಿಸ್ಕೊಳೋವಾಗ ತೆಳು. ನಂಗೆ ಎರಡೂ ಬೇಕು. ಕೆಪಾಸಿಟರ್ ಬದಲಾಯ್ಸೋಕೆ ಸ್ಟೇಜ್ ಮೇಲೆ ಸೋಲ್ಡರಿಂಗ್ ಐರನ್ ಹಿಡ್ಕೊಂಡ್ ಕೂರಕ್ಕಾಗಲ್ವಲ್ಲ, ಸೋ ಸ್ವಿಚ್ಚು.

ಸ್ವಿಚ್ ಹಾಕೋದ್ರಲ್ಲಿ ಎರಡ್ ದಾರಿ ಇದೆ. ಒಂದು, ಹಳೇ ಕೆಪಾಸಿಟರ್ ಕಿತ್ತಾಕಿ ಸ್ವಿಚ್‌ನ ಆ ಕಡೆ ಒಂದು ಈ ಕಡೆ ಒಂದು ಹಾಕೋದು. ಇದು ನಂಗೆ ಇಷ್ಟ ಇಲ್ಲ, ಯಾಕಂದ್ರೆ ಸ್ವಿಚ್ ಕಡ್ಡಿ ಮಧ್ಯದಲ್ಲಿರೋ ಕ್ಷಣಕ್ಕೆ ಎರಡೂ ಇಲ್ದಂಗಾಗಿ ಗೇನೇ ಮಾಯ ಆಗತ್ತೆ. ಇನ್ನೊಂದು, ಹಳೇ 0.047 ಬೋರ್ಡಲ್ಲೇ ಇರ್ಲಿ ಅಂತ ಬಿಟ್ಟು, ಬೇಕಾದಾಗ ಪಕ್ಕಕ್ಕೆ ಇನ್ನೊಂದು ಜೋಡ್ಸೋದು. ಕೆಪಾಸಿಟರ್ ಪ್ಯಾರಲಲ್ ಹಾಕಿದ್ರೆ ಕೂಡ್ತವೆ, ಸೀರೀಸ್ ಹಾಕಿದ್ರೆ ಕಮ್ಮಿ ಆಗ್ತವೆ, ರೆಸಿಸ್ಟರ್‌ಗೆ ಪೂರ್ತಿ ಉಲ್ಟಾ. ಪಿಯುಸಿಲಿ ಇದನ್ನ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರ್ತಿದ್ದೆ, ಇಷ್ಟ್ ವರ್ಷ ಆದ್ಮೇಲೆ ಕೆಲಸಕ್ಕೆ ಬಂತು.

ಇದಕ್ಕೆ ಬೇಕಾಗಿರೋದು ಮೂರು ಕಾಲಿನ ಸೆಂಟರ್ ಆಫ್ ಟಾಗಲ್ಲು. ಮೇಲೆ ಆನ್, ಕೆಳಗೆ ಆನ್, ಮಧ್ಯ ಯಾವ್ದೂ ಇಲ್ಲ. ಅಂಗಡೀಲಿ ಬರೀ ಟಾಗಲ್ ಸ್ವಿಚ್ ಅಂತ ಕೇಳ್ಬೇಡಿ, ಮಧ್ಯ ನಿಲ್ಲದೇ ಇರೋದನ್ನ ಕೊಡ್ತಾರೆ, ನೋಡಕ್ಕೆ ಎರಡೂ ಅಣ್ಣ ತಮ್ಮಂದಿರ ಥರ ಒಂದೇ. ಮೈ ಮೇಲೆ ಎಂಟಿಎಸ್-102 ಅಂತಿದ್ರೆ ಆನ್-ಆನ್, 103 ಅಂತಿದ್ರೆ ಸೆಂಟರ್ ಆಫ್. ಕೈಲಿ ಹಿಡ್ದು ಟಕ್ ಟಕ್ ಅಂತ ಎರಡ್ ಸಲ ನಿಲ್ಲತ್ತಾ ಅಂತ ನೋಡ್ಕೊಂಡೇ ದುಡ್ಡು ಕೊಡಿ.

ನನ್ ಲೆಕ್ಕ ಹಿಂಗಿತ್ತು. ಮಧ್ಯದಲ್ಲಿ ಒರಿಜಿನಲ್, 720 ಹರ್ಟ್ಸ್. ಮೇಲೆ ಇನ್ನೊಂದು 0.047 ಸೇರಿ 0.094, ಅಂದ್ರೆ ಅರ್ಧ, 360. ಕೆಳಗೆ 0.22 ಸೇರಿ 0.267, ಸುಮಾರು 127. ಲೆಕ್ಕದಲ್ಲಿ ಆಗ ಆರನೇ ತಂತಿಗೆ 13 ಹೋಗಿ 64 ಪಟ್ಟು ಆಗತ್ತೆ, ಭಾರೀ ವ್ಯತ್ಯಾಸ.

ಎಸ್‌ಪಿ ರೋಡಿಗೆ ಶನಿವಾರ ಮಧ್ಯಾಹ್ನ ಹೋದೆ. ಶನಿವಾರ ಮಧ್ಯಾಹ್ನ ಯಾವತ್ತೂ ಹೋಗ್ಬಾರ್ದು ಅಂತ ಪ್ರತೀ ಸಲ ಅನ್ಕೋತೀನಿ. ಸಿಸಿಟಿವಿ ಕೇಬಲ್ ಸುರುಳಿ ಹೊತ್ತಿರೋರು, ಲ್ಯಾಪ್‌ಟಾಪ್ ಚಾರ್ಜರ್ ಹುಡುಕೋರು, ಪ್ರಾಜೆಕ್ಟ್ ಮಾಡೋ ಎಂಜಿನಿಯರಿಂಗ್ ಹುಡುಗ್ರು, ಇದ್ರ ಮಧ್ಯ ನಂದು ಹತ್ತಿಪ್ಪತ್ತು ರೂಪಾಯಿ ವ್ಯಾಪಾರ. ಕೌಂಟರ್‌ನವ್ರು "ಡಿಸ್ಕ್ ಕೊಡ್ಲಾ ಬಾಕ್ಸ್ ಟೈಪ್ ಕೊಡ್ಲಾ ಸಾರ್" ಅಂದ್ರು, ಬಾಕ್ಸ್ ಟೈಪ್ ಅಂದೆ. ಡಿಸ್ಕ್ ಸೆರಾಮಿಕ್ ಅಗ್ಗ, ಚಿಕ್ಕದು, ಆದ್ರೆ ಇಷ್ಟು ಗೇನ್ ಇರೋ ಜಾಗದಲ್ಲಿ ಕೆಲವು ಸೆರಾಮಿಕ್‌ಗಳು ಮೈಕ್ ಥರ ಆಡ್ತವೆ, ಡಬ್ಬಕ್ಕೆ ಬೆರಳಲ್ಲಿ ತಟ್ಟಿದ್ರೆ ಸ್ಪೀಕರಲ್ಲಿ ಟಣ್ ಅನ್ನತ್ತೆ. ಬಾಕ್ಸ್ ಟೈಪ್, ಅಂದ್ರೆ ಪಾಲಿಯೆಸ್ಟರ್, ಹಾಕಿ ನೆಮ್ಮದಿಯಾಗಿರಿ. ಆದ್ರೆ ಪಾಲಿಯೆಸ್ಟರಲ್ಲೇ ಐನೂರು ರೂಪಾಯಿದು ತಂದು ಸೌಂಡು ಜೇನುತುಪ್ಪ ಆಯ್ತು ಅನ್ನೋರ ಮಾತು ನಾನ್ ನಂಬಲ್ಲ.

ಅಲ್ಲಿ ಒಂದ್ ಎಡವಟ್ಟು ಮಾಡ್ಕೊಂಡೆ, ತಪ್ಪು ನಂದೇ. ಗಲಾಟೇಲಿ "ಪಾಯಿಂಟ್ ಜೀರೋ ಫೋರ್ ಸೆವೆನ್" ಅನ್ನೋ ಬದ್ಲು "ಪಾಯಿಂಟ್ ಫೋರ್ ಸೆವೆನ್" ಅಂದ್ಬಿಟ್ಟಿದೀನಿ, ಅವ್ರು ನಾನ್ ಕೇಳಿದ್ದನ್ನೇ ಕೊಟ್ಟಿದಾರೆ. ಮನೆಗೆ ಬಂದು ಜೋಡ್ಸಿ ನೋಡಿದ್ರೆ ಸ್ವಿಚ್ ಮೇಲೆ ಮಾಡಿದಾಗ ಸೌಂಡು ಮಳೆಗಾಲದ ಗದ್ದೆ, ಬರೀ ಕೆಸರು. ಭೂತಗನ್ನಡಿ ಇಟ್ಟು ನೋಡಿದ್ರೆ ಮೈಮೇಲೆ 474. ಈ ನಂಬರ್ ಓದೋದು ಸುಲಭ: ಮೊದಲ ಎರಡು ಅಂಕಿ ಹಂಗೇ ಬರ್ಕೊಳಿ, ಮೂರನೇದು ಎಷ್ಟಿದ್ಯೋ ಅಷ್ಟು ಸೊನ್ನೆ ಹಾಕಿ, ಬರೋದು ಪಿಕೋಫ್ಯಾರಡ್. 473 ಅಂದ್ರೆ 47,000 ಪಿಕೋ, ಅಂದ್ರೆ 47 ನ್ಯಾನೋ, ಅದೇ 0.047 ಮೈಕ್ರೋ. 474 ಅದರ ಹತ್ತು ಪಟ್ಟು. 224 ಅಂದ್ರೆ 0.22. ಪಕ್ಕದಲ್ಲಿ ಜೆ ಅಂತಿದ್ರೆ ಐದು ಪರ್ಸೆಂಟ್ ಆಚೀಚೆ, ಕೆ ಅಂತಿದ್ರೆ ಹತ್ತು. ನಾನ್ ಹಾಕಿದ್ದಕ್ಕೆ ಒಟ್ಟು 0.517 ಆಗಿ 65 ಹರ್ಟ್ಸ್‌ಗೆ ಇಳ್ದಿತ್ತು, ಅದು ಗಿಟಾರಿನ ಕೊನೇ ತಂತಿಗಿಂತ ಕೆಳಗೆ. ಕೆಸರಾಗ್ದೆ ಇನ್ನೇನಾಗತ್ತೆ. ಹಳೇ ಡೆಡ್ ಬೋರ್ಡಿಂದ ಒಂದು 473 ಕಿತ್ಕೊಂಡು ಹಾಕ್ದೆ.

ವೈರಿಂಗ್ ಹೇಳ್ತೀನಿ. ಕೆಪಾಸಿಟರ್ ಎರಡನ್ನೂ ಬೋರ್ಡ್ ಮೇಲೆ ಹಾಕೋಕೆ ಹೋಗ್ಬೇಡಿ, ಜಾಗ ಇರಲ್ಲ, ಸ್ವಿಚ್ ಬೆನ್ನಿಗೇ ನೇತಾಕಿ. ಸ್ವಿಚ್‌ನ ಮೇಲಿನ ಕಾಲಿಗೆ ಒಂದರ ಒಂದು ತುದಿ, ಕೆಳಗಿನ ಕಾಲಿಗೆ ಇನ್ನೊಂದರ ಒಂದು ತುದಿ, ಇವೆರಡರ ಉಳಿದ ತುದಿಗಳನ್ನ ಒಟ್ಟಿಗೆ ತಿರುಚಿ ಅಲ್ಲಿಂದ ಒಂದು ವೈರ್ ಗ್ರೌಂಡಿಗೆ. ಸ್ವಿಚ್‌ನ ನಡು ಕಾಲಿಂದ ಇನ್ನೊಂದು ವೈರ್, ಬೋರ್ಡಲ್ಲಿ 4.7ಕೆ ರೆಸಿಸ್ಟರ್ರೂ ಹಳೇ 0.047ಊ ಸೇರೋ ಜಾಯಿಂಟಿಗೆ. ಒಟ್ಟು ಎರಡೇ ವೈರು. ಆ ಜಾಯಿಂಟಿಗೇ ಹಾಕಿ, ಐಸಿ ಕಾಲಿಗೆ ನೇರ ಹಾಕ್ಬೇಡಿ, ಮಧ್ಯ 4.7ಕೆ ಇರ್ಲೇಬೇಕು. ವೈರು ಗಿಡ್ಡ ಇರ್ಲಿ, ಎರಡನ್ನೂ ಜಡೆ ಹಾಕ್ದಂಗೆ ಒಂದಕ್ಕೊಂದು ಸುತ್ತಿ, ಹಮ್ ಕಮ್ಮಿ ಆಗತ್ತೆ. ಇನ್ನೊಂದು, ಸ್ವಿಚ್ ಕಡ್ಡಿ ಮೇಲೆ ಮಾಡಿದ್ರೆ ಒಳಗೆ ಕನೆಕ್ಟ್ ಆಗೋದು ಕೆಳಗಿನ ಕಾಲು, ಸೀಸಾ ಹಲಗೆ ಥರ. ಮಲ್ಟಿಮೀಟರ್‌ನ ಬೀಪಲ್ಲಿ ಇಟ್ಟು ಒಂದ್ಸಲ ನೋಡ್ಕೊಂಡ್ರೆ ಆಮೇಲೆ ತಲೆ ಕೆರ್ಕೊಳೋದು ತಪ್ಪತ್ತೆ. ಐರನ್ನು ಸ್ವಿಚ್ ಕಾಲಿಗೆ ಎರಡ್ಮೂರು ಸೆಕೆಂಡಿಗಿಂತ ಜಾಸ್ತಿ ಇಟ್ರೆ ಒಳಗಿನ ಪ್ಲಾಸ್ಟಿಕ್ ಕರಗಿ ಕಾಲು ವಾಲ್ಕೊಳತ್ತೆ. ನಂದೊಂದು ಹಂಗೇ ಹೋಯ್ತು. ಅಡುಗೆಮನೆಯಿಂದ ಅಮ್ಮ "ಏನೋ ಅದು ಸೀದ ವಾಸನೆ, ಹಾಲೇನಾದ್ರೂ ಇಟ್ಟಿದ್ಯಾ" ಅಂತ ಕೂಗಿದ್ರು.

ಆಮೇಲೆ ಮುಚ್ಚಳದ ಕಥೆ. ಮುಚ್ಚಳ ತೆಗ್ದಿದ್ರೆ ಎಲ್ಲಾ ಚೆನ್ನಾಗಿ ಕೆಲ್ಸ ಮಾಡ್ತಿತ್ತು, ನಾಲ್ಕು ಸ್ಕ್ರೂ ಹಾಕಿ ಟೈಟ್ ಮಾಡಿದ ತಕ್ಷಣ ಡಿಸ್ಟಾರ್ಷನ್ನೇ ಇಲ್ಲ. ಸೌಂಡ್ ಸತ್ತಿಲ್ಲ, ಕ್ಲೀನಾಗಿ ಬರ್ತಿದೆ, ಡ್ರೈವ್ ನಾಬ್ ಎಷ್ಟೇ ತಿರುಗ್ಸಿದ್ರೂ ಅಲ್ಲಾಡಲ್ಲ. ಸ್ವಿಚ್‌ನ ನಡು ಕಾಲು ಮುಚ್ಚಳಕ್ಕೆ ತಾಗ್ತಿತ್ತು, ಮುಚ್ಚಳ ಅಂದ್ರೆ ಗ್ರೌಂಡು. ಮಾಮೂಲಿಯಾಗಿ ಆ ಜಾಯಿಂಟು 4.5 ವೋಲ್ಟಲ್ಲಿ ಕೂತಿರತ್ತೆ, ಅದನ್ನ ನೆಲಕ್ಕೆ ಕಟ್ಟಿದ್ರೆ 4.7ಕೆ ಮೂಲಕ ಸುಮಾರು ಒಂದು ಮಿಲಿಆಂಪ್ ಸುಮ್ನೆ ಹರೀತಾನೇ ಇರತ್ತೆ, ಅದು ಬರ್ಬೇಕಾಗಿರೋದು ಕ್ಲಿಪ್ಪಿಂಗ್ ಡಯೋಡ್ (ಸೌಂಡಿನ ತುದಿ ಕತ್ತರ್ಸಿ ಡಿಸ್ಟಾರ್ಷನ್ ಮಾಡೋ ಪಾರ್ಟು) ಮೂಲಕ. ಡಯೋಡ್ ಪರ್ಮನೆಂಟಾಗಿ ಆನ್ ಆಗಿ ಕೂತ್ರೆ ಗೇನ್ ಒಂದಕ್ಕೆ ಬಂದ್ ನಿಲ್ಲತ್ತೆ. ಅರ್ಥ ಆದ್ಮೇಲೆ ಖುಷಿ ಆಯ್ತು, ಅರ್ಥ ಆಗೋಕ್ ಮುಂಚೆ ಐಸಿ ಎರಡ್ ಸಲ ಬದಲಾಯ್ಸಿದ್ದೆ. ಕಾಲುಗಳಿಗೆ ಸ್ಲೀವ್ ಹಾಕಿ, ಮುಚ್ಚಳದ ಒಳಗೆ ಇನ್ಸುಲೇಷನ್ ಟೇಪ್ ಅಂಟ್ಸಿದ್ದಕ್ಕೆ ಸರಿಹೋಯ್ತು.

ಇಷ್ಟಾದ್ಮೇಲೆ ಪ್ರೋಗ್ರಾಂಗೆ ತಗೊಂಡೋದೆ. ಎರಡನೇ ಹಾಡಿಗೆ ಬೇಸ್ ಇಲ್ಲ ಅಂತ ಸ್ವಿಚ್ ಕೆಳಗೆ ಮಾಡ್ದೆ. ಪೆಂಡಾಲಿಗೆಲ್ಲಾ ಕೇಳ್ಸೋಂಗೆ "ಟಪ್!" ಅಂತು. ರಿದಮ್ ಪ್ಯಾಡ್‌ನವ್ನು ತಾನೇ ಏನೋ ತಪ್ಪು ಹೊಡ್ದೆ ಅಂತ ಪ್ಯಾಡ್ ನೋಡ್ಕೊಂಡ, ಸೌಂಡ್‌ನವ್ರು ಎದ್ದು ನಿಂತು ನನ್ನೇ ನೋಡಿದ್ರು. ಹಾಡು ಮುಗಿಯೋವರ್ಗೂ ಮುಟ್ಲಿಲ್ಲ. ಆಮೇಲೆ ಭಯ ಭಯದಲ್ಲಿ ಮಧ್ಯಕ್ಕೆ ತಂದೆ, ಏನೂ ಇಲ್ಲ. ಮತ್ತೆ ಕೆಳಗೆ, ಏನೂ ಇಲ್ಲ. ಪ್ರೋಗ್ರಾಂ ಪೂರ್ತಿ ಏನೂ ಇಲ್ಲ.

ಮನೆಗ್ ಬಂದು ಮಾರನೇ ದಿನ ಹಾಕ್ದೆ, ಮೊದಲ್ನೇ ಸಲ ಕೆಳಗೆ ಮಾಡಿದಾಗ ಟಪ್. ಮೊದಲ್ನೇ ಸಲ ಮೇಲೆ ಮಾಡಿದಾಗ ಒಂದು ಚಿಕ್ಕ ಟಪ್. ಅಷ್ಟೇ, ಆಮೇಲೆ ಐವತ್ ಸಲ ಆಡ್ಸಿದ್ರೂ ಮೌನ. ಯಾರಿಗಾದ್ರೂ ತೋರ್ಸೋಣ ಅಂತ ಕರೆದ್ರೆ ಅವ್ರು ಬಂದಾಗ ಬರಲ್ಲ, ಮಗುಗೆ ಡಾಕ್ಟ್ರ ಹತ್ರ ಹೋದ್ ತಕ್ಷಣ ಜ್ವರ ಬಿಟ್ಟೋಗತ್ತಲ್ಲ ಹಂಗೆ. ಸ್ವಿಚ್ ಕಾಂಟ್ಯಾಕ್ಟ್ ಗಲೀಜು ಅನ್ಕೊಂಡು ಹೊಸಾ ಸ್ವಿಚ್ ಹಾಕ್ದೆ. ಅದೇ ಕಥೆ. ಗ್ರೌಂಡ್ ಮತ್ತೆ ಸೋಲ್ಡರ್ ಮಾಡ್ದೆ. ಅದೇ.

ಗುಟ್ಟು ಗೊತ್ತಾಗಿದ್ದು ಮಲ್ಟಿಮೀಟರಿಂದ, ಅದೂ ಆಕಸ್ಮಿಕ. ಪೆಡಲ್ ಆನ್ ಇತ್ತು, ಸ್ವಿಚ್ ಮಧ್ಯದಲ್ಲಿತ್ತು, ಆಗ್ಲೇ ಎರಡ್ಮೂರು ಸಲ ಆಡ್ಸಿದ್ದೆ, ಟಪ್ ಇರ್ಲಿಲ್ಲ. ಸುಮ್ನೆ ನೋಡೋಣ ಅಂತ 0.22ರ ಮೇಲಿನ ತುದಿಗೆ ಮೀಟರ್ ಮುಳ್ಳು ಇಟ್ಟೆ. ನಾಲ್ಕು ಚಿಲ್ಲರೆ ವೋಲ್ಟ್ ತೋರ್ಸಿ, ಕಣ್ಮುಂದೇನೇ ಇಳೀತಾ ಹೋಯ್ತು, ಮೂರು, ಒಂದೂವರೆ, ಅರ್ಧ, ಹತ್ತು ಸೆಕೆಂಡಲ್ಲಿ ಹತ್ರಹತ್ರ ಸೊನ್ನೆ. ಮೀಟರ್ ತೆಗ್ದು ಸ್ವಿಚ್ ಕೆಳಗೆ ಮಾಡ್ದೆ. ಟಪ್! ಮತ್ತೆ ಮಧ್ಯ, ಮತ್ತೆ ಕೆಳಗೆ, ಇಲ್ಲ. ಮತ್ತೆ ಮಧ್ಯ ತಂದು ಮೀಟರ್ ಇಟ್ಟು ಸೊನ್ನೆಗೆ ಇಳ್ಸಿ ಕೆಳಗೆ ಮಾಡ್ದೆ. ಟಪ್! ಅವತ್ತು ರಾತ್ರಿ ಹನ್ನೊಂದ್ ಗಂಟೇಲಿ ಒಬ್ನೇ ನಗಾಡ್ತಾ ಇದನ್ನ ಹತ್ ಸಲ ಮಾಡಿರ್ಬೇಕು.

ವಿಷಯ ಇಷ್ಟೆ. ಬೋರ್ಡಲ್ಲಿರೋ ಜಾಯಿಂಟು ಯಾವಾಗ್ಲೂ 4.5 ವೋಲ್ಟಲ್ಲಿರತ್ತೆ. ಸ್ವಿಚ್‌ಗೆ ನೇತಾಡ್ತಿರೋ ಕೆಪಾಸಿಟರ್ ಖಾಲಿ. ಎರಡು ನೀರಿನ ಟ್ಯಾಂಕ್ ಅನ್ಕೊಳಿ, ಒಂದು ತುಂಬಿದೆ, ಪಕ್ಕದ್ದು ದೊಡ್ಡದು, ಖಾಲಿ, ಮಧ್ಯ ವಾಲ್ವ್. ವಾಲ್ವ್ ತಿರುಗ್ಸಿದ ತಕ್ಷಣ ದಬ್ ಅಂತ ನುಗ್ಗತ್ತೆ. ಆ ಕ್ಷಣ ಜಾಯಿಂಟಿನ ವೋಲ್ಟೇಜು 4.5ರಿಂದ ಲೆಕ್ಕದಲ್ಲಿ 0.8ಗೆ ಬೀಳತ್ತೆ, ಐಸಿ ಅದನ್ನ ಸಿಗ್ನಲ್ ಅಂತಾನೇ ತಿಳ್ಕೊಂಡು ಪೂರ್ತಿ ಕ್ಲಿಪ್ ಆಗೋಷ್ಟು ಕಿರುಚತ್ತೆ, ಕೆಲವೇ ಮಿಲಿಸೆಕೆಂಡು, ಆದ್ರೆ ಫುಲ್ ಡಿಸ್ಟಾರ್ಷನ್ ನೋಟಿನಷ್ಟೇ ಜೋರು. ಅಷ್ಟರಲ್ಲಿ ಕೆಪಾಸಿಟರ್ ತುಂಬ್ಕೊಂಡಿರತ್ತೆ. ಆಮೇಲೆ ಸ್ವಿಚ್ ಬಿಡಿಸಿದ್ರೂ ಪಾಲಿಯೆಸ್ಟರ್ ಕೆಪಾಸಿಟರ್ ತುಂಬಿದ್ದನ್ನ ಬೇಗ ಬಿಟ್ಟುಕೊಡಲ್ಲ, ಮತ್ತೆ ಜೋಡ್ಸಿದಾಗ ಎರಡೂ ಟ್ಯಾಂಕಿನ ಮಟ್ಟ ಒಂದೇ, ನೀರು ಅಲ್ಲಾಡಲ್ಲ. ರಾತ್ರಿಯೆಲ್ಲಾ ಇಟ್ರೆ ನಿಧಾನಕ್ಕೆ ಸೋರಿ ಖಾಲಿ ಆಗತ್ತೆ, ಸೋಲ್ಡರ್ ಮಾಡಿದಾಗ ಉಳಿದು ನಾನ್ ಒರೆಸದೇ ಬಿಟ್ಟಿದ್ದ ಫ್ಲಕ್ಸ್ ಅಂಟು ಕೂಡ ಅದಕ್ಕೆ ದಾರಿ ಮಾಡ್ಕೊಟ್ಟಿರತ್ತೆ, ಬೆಳಿಗ್ಗೆ ಮತ್ತೆ ಟಪ್. ಮೀಟರ್ ಒಳಗೆ 10 ಮೆಗಾಓಮ್ ಇರತ್ತೆ, ನಾನ್ ಅಳೀತಿದೀನಿ ಅನ್ಕೊಂಡಿದ್ದು, ಅದು ಸದ್ದಿಲ್ದೆ ಕುಡಿದು ಖಾಲಿ ಮಾಡ್ತಿತ್ತು.

ರಿಪೇರಿ ಎರಡು ರೆಸಿಸ್ಟರು. 2.2 ಮೆಗಾಓಮ್‌ದು, ಒಂದು ಸ್ವಿಚ್‌ನ ನಡು ಕಾಲಿಂದ ಮೇಲಿನ ಕಾಲಿಗೆ, ಇನ್ನೊಂದು ನಡು ಕಾಲಿಂದ ಕೆಳಗಿನ ಕಾಲಿಗೆ. ವಾಲ್ವ್ ಮುಚ್ಚಿದ್ರೂ ಸೂಜಿ ತೂತಲ್ಲಿ ನೀರು ಹರೀತಾ ಎರಡೂ ಟ್ಯಾಂಕಿನ ಮಟ್ಟ ಒಂದೇ ಇರೋ ಹಂಗೆ. ಪೆಡಲ್‌ಗೆ ಕರೆಂಟ್ ಕೊಟ್ಟು ಎರಡು ಸೆಕೆಂಡಲ್ಲಿ ಎರಡೂ ತುಂಬ್ಕೋತವೆ. ಸೌಂಡಿಗೆ ಏನೂ ಆಗಲ್ಲ, 4.7ಕೆ ಎದ್ರು 2.2 ಮೆಗ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಕಾಲು ವ್ಯಾಟಿಂದು ಸಾಕು. ಆದ್ರೆ ಆ ಸ್ವಿಚ್ ಬೆನ್ನು ಈಗ ಬಾವಲಿ ನೇತಾಡೋ ಆಲದಮರ ಥರ ಆಗಿದೆ, ಎರಡ್ ಕೆಪಾಸಿಟರು, ಎರಡ್ ರೆಸಿಸ್ಟರು, ಎರಡ್ ವೈರು, ಅದಕ್ಕೆಲ್ಲಾ ಸ್ಲೀವು. ಫೋಟೋ ಹಾಕಲ್ಲ, ನಾಚಿಕೆ ಆಗತ್ತೆ.

ಕೆಳಗೆ ಮಾಡಿದಾಗ ವಾಲ್ಯೂಮ್ ಸ್ವಲ್ಪ ಜಾಸ್ತಿ ಅನ್ಸತ್ತೆ, ಡ್ರೈವ್ ಒಂದಷ್ಟು ಇಳ್ಸ್ಕೋಬೇಕು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಸದ್ದು ಹಿಡಿಯೋ ಭಾಗ) ಇರೋ ಗಿಟಾರಿಗೆ ಕೆಳಗಿನದು ಚೆನ್ನಾಗಿದೆ, ಸೌಂಡು ದಪ್ಪ ಇರೋ ಹಂಬಕರ್ ಪಿಕಪ್‌ಗೆ ಅದು ಅತೀ ಆಯ್ತು, ಮೇಲಿನದೇ ಸಾಕು. ಈಗ ಮತ್ತೆ ಮಾಡೋದಾದ್ರೆ 0.22 ಬದ್ಲು 0.1 ಹಾಕ್ತೀನೇನೋ.

ನವೆಂಬರಲ್ಲಿ ರಾಜ್ಯೋತ್ಸವದ ಪ್ರೋಗ್ರಾಂಗೆ ಬೇಸ್‌ನವ್ನೂ ಬಂದಿದ್ದ. ಹೊಸಾ ಆಟಿಕೆ ತೋರ್ಸೋ ಹುಮ್ಮಸ್ಸಲ್ಲಿ ಸೌಂಡ್‌ಚೆಕ್ಕಲ್ಲಿ ಕೆಳಗೆ ಹಾಕ್ಕೊಂಡೇ ನುಡಿಸ್ತಿದ್ದೆ. ಅವ್ನು ಎರಡ್ ಸಾಲು ಕೇಳಿ ಹತ್ರ ಬಂದು, "ಗುರು, ನನ್ ಪೇಮೆಂಟೂ ನೀನೇ ತಗೋತೀಯಾ" ಅಂದ. ಮಧ್ಯಕ್ಕೆ ತಂದೆ. "ಹಾ, ಹಿಂಗಿರ್ಲಿ" ಅಂತ ವಾಪಸ್ ಹೋಗಿ ನಿಂತ್ಕೊಂಡ.